ಟೈಟಲ್ ಸಾಂಗಿನಿಂದ ಶುರು ಮಾಡಿ, ತಾಯಿ

ಈ ವಾರದ ಪತ್ರಗಳಲ್ಲಿ ಮೂರು ಒಂದೇ ಧಾಟಿಯವು. ಹಾಗಾಗಿ ಮಿಕ್ಕಿದ್ದನ್ನು ಮುಂದಿನ ಸಂಚಿಕೆಗೆ ತಳ್ಳಿ ಇವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ಹುಟ್ಟಿದ್ದು 1985ರಲ್ಲಿ, ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ. ಅಪ್ಪ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮನೆಗೆ ಟಿವಿ ಬೇಡ ಅಂದರು. ಅಕ್ಕನದು ಮುಗಿಯುವಾಗ ನನ್ನದು ಬಂತು, ನನ್ನದು ಮುಗಿಯುವಾಗ ತಮ್ಮನದು ಬಂತು. ಕೊನೆಗೂ ಟಿವಿ ಬಂದಾಗ ನಾನು ಸುರತ್ಕಲ್ಲಿನ ಹಾಸ್ಟೆಲ್ ಸೇರಿಯಾಗಿತ್ತು. ಅಲ್ಲಿನ ಟಿವಿಯಲ್ಲಿ ಕ್ರಿಕೆಟ್ ಬಿಟ್ಟರೆ ಬೇರೇನೂ ಓಡುತ್ತಿರಲಿಲ್ಲ. ಆಮೇಲೆ ಕೆಲಸ, ಹೊರದೇಶ, ಮಕ್ಕಳು. ಈಗ ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಆಫೀಸಿನಲ್ಲಿ ಊಟಕ್ಕೆ ಕೂತಾಗ ನನ್ನ ವಯಸ್ಸಿನವರು ಪಾಪ ಪಾಂಡು, ಸಿಲ್ಲಿ ಲಲ್ಲಿ, ಮಾಯಾಮೃಗ ಅಂತ ಶುರು ಮಾಡಿದರೆ ಮುಗಿಯುವುದೇ ಇಲ್ಲ. ಒಬ್ಬರು ಹಾಡು ಎತ್ತಿದರೆ ಇಡೀ ಟೇಬಲ್ಲು ಹಾಡುತ್ತದೆ. ನಾನು ಮೊಸರನ್ನ ಕಲೆಸುತ್ತಾ ನಗುಮುಖ ಮಾಡಿಕೊಂಡು ಕೂತಿರುತ್ತೇನೆ. ಎಲ್ಲವನ್ನೂ ನೋಡಿ ಮುಗಿಸೋಣ ಅಂತ ಎಕ್ಸೆಲ್ ಶೀಟ್ ಮಾಡಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಓದುಗಿ, ಜೆ.ಪಿ. ನಗರ, ಬೆಂಗಳೂರು

ಉತ್ತರ: ಮೊದಲು ಆ ಎಕ್ಸೆಲ್ ಶೀಟ್ ಮುಚ್ಚಿ, ತಾಯಿ. ಅವೆಲ್ಲ ವರ್ಷಗಟ್ಟಲೆ ಓಡಿದ ಧಾರಾವಾಹಿಗಳು. ಕೂತು ನೋಡುತ್ತೇನೆ ಅಂದರೆ ನಿಮ್ಮ ಮಕ್ಕಳ ಎಸ್ಸೆಸ್ಸೆಲ್ಸಿ ಬಂದುಬಿಡುತ್ತದೆ. ಇನ್ನೊಂದು ವಿಷಯ. ನಿಮ್ಮ ಟೇಬಲ್ಲಿನವರೂ ಅಷ್ಟನ್ನು ನೋಡಿಲ್ಲ. ಕರೆಂಟು ಹೋಗುತ್ತಿತ್ತು, ಟ್ಯೂಷನ್ ಇರುತ್ತಿತ್ತು, ನೆಂಟರು ಬರುತ್ತಿದ್ದರು, ಅಣ್ಣ ಬಂದು ಚಾನೆಲ್ ಬದಲಾಯಿಸುತ್ತಿದ್ದ. ಅವರ ತಲೆಯಲ್ಲಿ ಉಳಿದಿರುವುದು ಟೈಟಲ್ ಸಾಂಗು, ಒಂದೆರಡು ಪಾತ್ರ, ನಾಲ್ಕು ಡೈಲಾಗು. ನಿಮಗೂ ಅಷ್ಟು ಸಾಕು.

ಈ ಅಂಕಣಕ್ಕೆ ಬರುವ ಮುಂಚೆ ನಾನು ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ನಡೆಸುತ್ತಿದ್ದೆ ಅನ್ನುವುದು ಹಳೆಯ ಓದುಗರಿಗೆ ಗೊತ್ತು. ಪಕ್ಕದಲ್ಲಿ ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಅವರ ಹತ್ತಿರ ಸಣ್ಣದೊಂದು ಬ್ಲ್ಯಾಕ್ ಅಂಡ್ ವೈಟ್ ಟಿವಿ. 1998ರಲ್ಲಿ ಚಂದನದಲ್ಲಿ ಮಾಯಾಮೃಗ ಬರುವಾಗ ನನಗೆ ಗೋಡೆಯಾಚೆಯಿಂದ ಸದ್ದು ಮಾತ್ರ ಬರುತ್ತಿತ್ತು. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದ ಆ ಧಾರಾವಾಹಿಯನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಆದರೂ ಅದರ ಮಾತು ಬಂದರೆ ಪೂರಾ ನೋಡಿದವನ ಹಾಗೆ ಮಾತಾಡುತ್ತೇನೆ. ಯಾರೂ ಇವತ್ತಿನವರೆಗೆ ಹಿಡಿದಿಲ್ಲ.

ಅದಕ್ಕೇ ಹೇಳಿದ್ದು, ಟೈಟಲ್ ಸಾಂಗಿನಿಂದ ಶುರು ಮಾಡಿ ಅಂತ. ಮಾಯಾಮೃಗದ್ದು ಕೇಳಿ, ಸಿ. ಅಶ್ವತ್ಥ್ ರಾಗ. ಮುಕ್ತದ್ದು ಕೇಳಿ, ಬರೆದವರು ಎಚ್.ಎಸ್. ವೆಂಕಟೇಶಮೂರ್ತಿ. ನಮ್ಮಲ್ಲಿ ಧಾರಾವಾಹಿಯ ಹಾಡನ್ನು ಕವಿಗಳ ಕೈಲಿ ಬರೆಸುತ್ತಿದ್ದರು, ಭಾವಗೀತೆ ಹಾಡುವವರ ಕೈಲಿ ಹಾಡಿಸುತ್ತಿದ್ದರು. ಹೆಂಗಸರು ಅಂಗಡಿಗೆ ಬಂದು ಹೆಸರು ಗೊತ್ತಿಲ್ಲದೆ, ಕೌಂಟರ್ ಮೇಲೆ ಬೆರಳಿನಲ್ಲಿ ತಾಳ ಹಾಕಿ, ಗುನುಗಿ, ‘ಇದರ ಕ್ಯಾಸೆಟ್ ಇದೆಯಾ’ ಅಂತ ಕೇಳುತ್ತಿದ್ದರು. ಎಷ್ಟೋ ಸಲ ಇರುತ್ತಿರಲಿಲ್ಲ. ಆಗ ಅಶ್ವತ್ಥರ ಬೇರೆ ಯಾವುದಾದರೂ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದೆ. ಹಾಗೆ ಕೊಂಡವರಲ್ಲಿ ಎಷ್ಟೋ ಜನ ಆಮೇಲೆ ಶಿಶುನಾಳ ಷರೀಫರ ಹಾಡುಗಳಿಗೆ ಗಿರಾಕಿಗಳಾದರು. ಧಾರಾವಾಹಿ ಮರೆತೇಹೋಯಿತು.

ಕಾಮಿಡಿಗೆ ಬರೋಣ. ಪಾಪ ಪಾಂಡು, ಸಿಲ್ಲಿ ಲಲ್ಲಿ ಎರಡೂ ಈಟಿವಿ ಕನ್ನಡದವು. ಆ ಚಾನೆಲ್ 2015ರಲ್ಲಿ ಕಲರ್ಸ್ ಕನ್ನಡ ಆಯಿತು, ಹುಡುಕುವಾಗ ಅದು ನೆನಪಿರಲಿ. ಪಾಪ ಪಾಂಡು ಸಿಹಿಕಹಿ ಚಂದ್ರು ನಿರ್ದೇಶನದ್ದು. ಚಿದಾನಂದ್ ಪಾಂಡು, ಶಾಲಿನಿ ಶ್ರೀಮತಿ. ಗಂಡ ಹೊಡೆತ ತಿನ್ನುವುದೇ ಅದರ ನಗು. ಸಾಲಾಗಿ ಹತ್ತು ಕಂತು ನೋಡಿದರೆ ನಿಮಗೆ ಪಾಂಡುವಿನ ಮೇಲೆ ಕನಿಕರ ಹುಟ್ಟುತ್ತದೆ, ನಗು ನಿಲ್ಲುತ್ತದೆ. ಎರಡು ನೋಡಿ, ಮುಚ್ಚಿ. ಸಿಲ್ಲಿ ಲಲ್ಲಿ ನನಗೆ ಇನ್ನೂ ಹಿಡಿಸುತ್ತದೆ. ಸಮಾಜ ಸೇವಕಿ ಲಲಿತಾಂಬನಾಗಿ ಮಂಜು ಭಾಷಿಣಿ, ಡಾಕ್ಟರ್ ವಿಠ್ಠಲ್ ರಾವ್ ಆಗಿ ರವಿಶಂಕರ್ ಗೌಡ. ನಾಳೆ ಊಟದ ಟೇಬಲ್ಲಿನಲ್ಲಿ ‘ವಿಠ್ಠಲ್ ರಾವ್ ತನ್ನ ಪರಿಚಯ ಹೇಗೆ ಹೇಳಿಕೊಳ್ತಿದ್ದ?’ ಅಂತ ಸುಮ್ಮನೆ ಕೇಳಿ ನೋಡಿ. ಮೂವರು ಒಟ್ಟಿಗೆ ಹೇಳದಿದ್ದರೆ ನನಗೆ ಪತ್ರ ಬರೆಯಿರಿ. ನೋಡಿದವರಿಗೆ ಹೇಳುವ ಆಸೆ ಇರುತ್ತದೆ, ಕೇಳುವವರೇ ಸಿಗುವುದಿಲ್ಲ. ನಿಮ್ಮಂಥ ಒಬ್ಬರು ಪ್ರತಿ ಟೇಬಲ್ಲಿಗೂ ಬೇಕು.

ಪೂರಾ ನೋಡಿ ಅಂತ ನಾನು ಹೇಳುವುದು ಒಂದನ್ನೇ, ಮಾಲ್ಗುಡಿ ಡೇಸ್. ಅದು ನಿಮಗೆ ನೆನಪಿರುವ ಕಾಲಕ್ಕಿಂತ ಸ್ವಲ್ಪ ಹಿಂದಿನದು, 1987ರ ಹೊತ್ತಿನದು, ಮಾತೂ ಹಿಂದಿ. ಆದರೆ ಶಂಕರ್ ನಾಗ್ ಅದನ್ನು ತೆಗೆದದ್ದು ನಿಮ್ಮೂರ ಪಕ್ಕದ ಆಗುಂಬೆಯಲ್ಲಿ. ಸ್ವಾಮಿ ಆಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಶುರುವಿನಲ್ಲಿ ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಎಲ್. ವೈದ್ಯನಾಥನ್ ಸಂಗೀತ. ಕಥೆಯ ಜೊತೆಗೆ ಹಿಂದಿರುವ ಅಂಗಡಿ, ಜಗುಲಿ, ಕಂಬಗಳನ್ನೂ ನೋಡಿ. ಆ ಕಾಲದ ನಿಮ್ಮ ಸೀಮೆ ಹಾಗೇ ಕೂತಿದೆ. ನಿಮ್ಮ ತಂದೆಯವರನ್ನು ಒಮ್ಮೆ ಕೇಳಿ, ಆಗ ಶೂಟಿಂಗ್ ನೋಡಲು ಹೋಗಿದ್ದರಾ ಅಂತ. ಟಿವಿ ಬೇಡ ಅಂದ ಮೇಷ್ಟ್ರುಗಳೂ ಶೂಟಿಂಗ್ ಬಿಡುತ್ತಿರಲಿಲ್ಲ.

ಹಾಡುಗಳ ವಿಷಯದಲ್ಲಿ ನಿಮಗೆ ಅಷ್ಟು ಕೆಲಸವಿಲ್ಲ. ಟಿವಿ ಇಲ್ಲದಿದ್ದರೂ ಬಸ್ಸು ಹತ್ತಿದ್ದೀರಲ್ಲ! ಶಿವಮೊಗ್ಗ–ತೀರ್ಥಹಳ್ಳಿ ಪ್ರೈವೇಟ್ ಬಸ್ಸಿನವರು ನನ್ನ ಕಾಯಂ ಗಿರಾಕಿಗಳು. ಒಂದು ಕ್ಯಾಸೆಟ್ ಜಾಳಾಗುವ ತನಕ ಹಾಕಿ, ಅದೇ ಇನ್ನೊಂದು ಕೊಡಿ ಅಂತ ಬರುತ್ತಿದ್ದರು. 1987ರ ಪ್ರೇಮಲೋಕದಿಂದ ಹಿಡಿದು ಹಂಸಲೇಖ ಅವರ ಹಾಡುಗಳೆಲ್ಲ ಹಾಗೇ ನಿಮ್ಮ ಕಿವಿಗೆ ಬಿದ್ದಿವೆ. ಹೆಸರು ಗೊತ್ತಿಲ್ಲ, ಅಷ್ಟೇ. ಹೈಸ್ಕೂಲಿನ ಹೊತ್ತಿಗೆ ಉಪೇಂದ್ರ–ಗುರುಕಿರಣ್ ಜೋಡಿಯ ‘ಎ’, ‘ಉಪೇಂದ್ರ’. ನೀವು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಗ ಮುಂಗಾರು ಮಳೆ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿಯ ಆ ‘ಅನಿಸುತಿದೆ’ ಹಾಡು 2007ರಲ್ಲಿ ಯಾರಿಗೆ ಫೋನ್ ಮಾಡಿದರೂ ಕಾಲರ್ ಟ್ಯೂನ್ ಆಗಿ ಕೇಳುತ್ತಿತ್ತು. ಕೆಲವರು ಬೇಕಂತಲೇ ತಡವಾಗಿ ಫೋನ್ ಎತ್ತುತ್ತಿದ್ದರು.

ಮಿಕ್ಕ ಸಿನಿಮಾ ಹಾಡುಗಳಿಗೆ ಒಂದು ಸುಲಭದ ದಾರಿ ಇದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ಎದೆ ತುಂಬಿ ಹಾಡುವೆನು ಕಾರ್ಯಕ್ರಮದ ತುಣುಕುಗಳನ್ನು ಹುಡುಕಿ. ಮಗು ಹಾಡಿ ಮುಗಿಸುತ್ತದೆ. ಎಸ್‌ಪಿಬಿ ಶ್ರುತಿ ಎಲ್ಲಿ ಇಳಿಯಿತು ಅಂತ ಮೆಲ್ಲಗೆ ಹೇಳುತ್ತಾರೆ, ಆಮೇಲೆ ಆ ಹಾಡಿನ ರೆಕಾರ್ಡಿಂಗ್ ದಿನ ಏನಾಯಿತು ಅಂತ ಶುರು ಮಾಡುತ್ತಾರೆ. ಹಾಡೂ ಸಿಗುತ್ತದೆ, ಹಾಡಿನ ಹಿಂದಿನ ಸಂಗತಿಯೂ ಸಿಗುತ್ತದೆ. ನಿಮ್ಮ ಟೇಬಲ್ಲಿನವರಿಗೂ ಗೊತ್ತಿಲ್ಲದ್ದು ನಿಮಗೆ ಗೊತ್ತಿರುತ್ತದೆ.

ಮಾಯಾಮೃಗದ ಮುಂದುವರಿಕೆಯಾಗಿ 2022ರಲ್ಲಿ ಸಿರಿ ಕನ್ನಡದಲ್ಲಿ ‘ಮತ್ತೆ ಮಾಯಾಮೃಗ’ ಬಂತು. ಅದನ್ನು ಸದ್ಯಕ್ಕೆ ಬಿಡಿ, ಮೊದಲಿನದರ ರುಚಿ ಹತ್ತಿದ ಮೇಲೆ ನೋಡಬಹುದು. ಟೇಬಲ್ಲಿನಲ್ಲಿ ಹಾಡು ಎದ್ದಾಗ ಮೊದಲ ಸಾಲಿಗೆ ಬಾಯಿ ಹಾಕಬೇಡಿ, ಎರಡನೆಯದಕ್ಕೆ ಸೇರಿಕೊಳ್ಳಿ. ಎರಡನೇ ಸಾಲು ಯಾರಿಗೂ ನೆಟ್ಟಗೆ ಬರುವುದಿಲ್ಲ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬ ಯಕ್ಷಗಾನದ ಕ್ಯಾಸೆಟ್ ಸಿಕ್ಕಿತು. ಭಾಗವತ ಕಾಳಿಂಗ ನಾವಡರ ಪದ್ಯಗಳೇ ಹೆಚ್ಚು. ನಾನು ಮಸ್ಕತ್‌ನಲ್ಲಿ ಇರುವವನು, ಇವನ್ನೆಲ್ಲ ಸರಿಯಾಗಿ ಕೇಳಿದವನೇ ಅಲ್ಲ, ಈಗ ಕೇಳಬೇಕು ಅನ್ನಿಸುತ್ತದೆ. ಟೇಪಿಗೆ ಬಿಳಿ ಬೂಸ್ಟು ಹಿಡಿದಿದೆ. ಎಲ್ಲ ಯೂಟ್ಯೂಬಿನಲ್ಲಿ ಉಂಟು, ಬಿಸಾಡು ಅಂತಾನೆ ತಮ್ಮ.
– ಓದುಗ, ಕುಂದಾಪುರ

ಉತ್ತರ: ಬಿಸಾಡಬೇಡಿ ಮಾರಾಯ್ರೆ. ಮೊದಲು ಎರಡು ರಾಶಿ ಮಾಡಿ. ಕಂಪನಿಯ ಬಣ್ಣದ ಚೀಟಿ ಇರುವುದು ಒಂದು ಕಡೆ, ನಿಮ್ಮ ತಂದೆಯವರ ಕೈಬರಹ ಇರುವುದು ಇನ್ನೊಂದು ಕಡೆ. ಮೊದಲ ರಾಶಿಯ ಬಗ್ಗೆ ನಿಮ್ಮ ತಮ್ಮ ಹೇಳಿದ್ದು ಬಹುಪಾಲು ಸರಿ. ನಾವಡರು 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತರ ಆಸುಪಾಸಿನ ಪ್ರಾಯ, ಕ್ಯಾಸೆಟ್ಟಿನ ಕಾಲವೂ ಏರುಮುಖದಲ್ಲಿತ್ತು. ಹೊರಬಂದ ಕ್ಯಾಸೆಟ್ಟುಗಳನ್ನು ಅಭಿಮಾನಿಗಳು ಜೋಪಾನ ಮಾಡಿದ್ದಾರೆ. ಎರಡನೇ ರಾಶಿ ಬೇರೆಯೇ. ಆಟದ ಗದ್ದೆಯಲ್ಲಿ ಟೇಪ್ ರೆಕಾರ್ಡರ್ ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂತು ತುಂಬಿಸಿದ್ದಾಗಿದ್ದರೆ ಅದು ಲೋಕದಲ್ಲಿ ಇರುವುದು ಆ ಒಂದೇ.

ಬೂಸ್ಟು ಹಿಡಿದದ್ದನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ. ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಕ್ಯಾಸೆಟ್ಟಿಗೂ ದಾಟುತ್ತದೆ. ಮಳೆಗಾಲ ಮುಗಿಯಲಿ. ಒಣಹವೆಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಹೊರಗೆ ಜಗುಲಿಯಲ್ಲಿ ಕೂತು ಈ ಕೆಲಸ ಮಾಡಿ. ಮೂಲೆಗಳಲ್ಲಿ ಸ್ಕ್ರೂ ಇದ್ದರೆ ಕ್ಯಾಸೆಟ್ ಬಿಚ್ಚಬಹುದು. ಅಂಟಿಸಿದ್ದಾದರೆ ಹುಷಾರಾಗಿ ಸೀಳಿ ಒಳಗಿನ ಸುರುಳಿಯನ್ನು ಬೇರೆ ಖಾಲಿ ಚಿಪ್ಪಿಗೆ ಹಾಕಬೇಕು. ಟೇಪಿನ ನಡುವೆ, ಹೆಡ್ಡು ತಾಗುವ ಜಾಗದ ಹಿಂದೆ, ಉಗುರಿಗಿಂತ ಚಿಕ್ಕ ಫೆಲ್ಟಿನ ತುಂಡು ಇರುತ್ತದೆ ನೋಡಿ. ಹಳೆಯದರಲ್ಲಿ ಅಂಟು ಒಣಗಿ ಅದು ಉದುರಿರುತ್ತದೆ. ಅದಿಲ್ಲದಿದ್ದರೆ ದನಿ ಬಾವಿಯೊಳಗಿಂದ ಬಂದ ಹಾಗಿರುತ್ತದೆ. ಬೇಡದ ಕ್ಯಾಸೆಟ್ಟಿನಿಂದ ಕಿತ್ತು ಹಾಕಿಕೊಳ್ಳಿ. ಒಣ ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ನಿಧಾನ ಓಡಿಸಿ ಬೂಸ್ಟು ಒರೆಸಿ. ಆಮೇಲೆ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲಷ್ಟೇ ಪ್ಲೇ ಒತ್ತಿ. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ಡನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಬೇಕು. ಇದರಲ್ಲಿ ಸೋಮಾರಿತನ ಬೇಡ.

ಪ್ಲೇಯರಿನಿಂದ ಕಂಪ್ಯೂಟರಿಗೆ ವೈರ್ ಎಳೆದು, ಆಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ತುಂಬಿಸಿಕೊಳ್ಳಬಹುದು. ಮೊದಲ ಸಲಕ್ಕೇ ಒಳ್ಳೆಯದಾಗಿ ತುಂಬಿಸಿ. ಟೇಪು ಎರಡನೇ ಸಲ ಓಡುತ್ತದೆ ಅನ್ನುವ ಭರವಸೆ ಇಲ್ಲ. ‘ಸೊಂಯ್’ ಸದ್ದು ತೆಗೆಯಲು ಹೋಗಿ ಚಂಡೆಯ ಪೆಟ್ಟನ್ನೇ ಚಪ್ಪಟೆ ಮಾಡುವವರಿದ್ದಾರೆ, ಆ ತಂಟೆಗೆ ಹೋಗಬೇಡಿ. ಮುಖ್ಯವಾಗಿ, ಚೀಟಿಯ ಮೇಲೆ ಬರೆದದ್ದನ್ನು ಫೋಟೋ ತೆಗೆದು ಅದೇ ಫೈಲಿನ ಜೊತೆಗಿಡಿ. ಪ್ರಸಂಗ, ಮೇಳ, ಊರು, ತಾರೀಕು ಯಾವುದೂ ದನಿಯಲ್ಲಿ ಸಿಗುವುದಿಲ್ಲ. ಪದ್ಯದ ನಡುವೆ ನಿಮ್ಮ ತಂದೆಯವರು ಪಕ್ಕದವರಿಗೆ ಎಲೆಯಡಿಕೆ ಕೇಳಿದ್ದೂ ಸಿಗಬಹುದು. ಅದನ್ನು ಕತ್ತರಿಸಬೇಡಿ.

ಪ್ರಶ್ನೆ: ‘ಡೆನ್ನಾನ ಡೆನ್ನಾನ’ ರಂಗಿತರಂಗ ಸಿನಿಮಾದ ಹಾಡು ಅಂತ ನಾನು, ಅಲ್ಲ ಅದು ನಮ್ಮ ಕಾಲದ ಟಿವಿ ಸೀರಿಯಲ್ಲಿನದು ಅಂತ ಅವ್ವ. ಗಿರ್ಮಿಟ್ ಪಂದ್ಯ ಕಟ್ಟೇವಿ. ಯಾರು ಗೆದ್ದರು?
– ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮವ್ವ. ಸದಾನಂದ ಸುವರ್ಣ ನಿರ್ದೇಶಿಸಿದ ‘ಗುಡ್ಡದ ಭೂತ’, 1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂದದ್ದು. ಪ್ರಕಾಶ್ ರೈ ಇನ್ನೂ ದೊಡ್ಡ ಹೆಸರಾಗುವ ಮುಂಚೆ ಅದರಲ್ಲಿದ್ದರು. 2015ರಲ್ಲಿ ಅನೂಪ್ ಭಂಡಾರಿ ಅದೇ ಹಾಡನ್ನು ರಂಗಿತರಂಗಕ್ಕೆ ತಂದರು. ಆ ಕಾಲದಲ್ಲಿ ಅದನ್ನು ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದವರು ನಮ್ಮಲ್ಲಿ ಬಹಳ ಮಂದಿ. ಗಿರ್ಮಿಟ್ ಜೊತೆಗೆ ಮಿರ್ಚಿಯನ್ನೂ ಕೊಡಿಸಿ.