ಗ್ಲುಕ್‌ನ 'ಆಲ್ಚೆಸ್ತೆ': ಶುರುವಿನಿಂದ ಕೇಳಬೇಡಿ

ಹದಿನೆಂಟನೇ ಶತಮಾನದ ಸಂಗೀತ ರಚನೆಕಾರ ಗ್ಲುಕ್‌ನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) 'ಆಲ್ಚೆಸ್ತೆ'ಯನ್ನು ಇಪ್ಪತ್ತು ನಿಮಿಷ ಕೇಳಿ ನಿಲ್ಲಿಸಿಬಿಟ್ಟೆ, ಬರೀ ಗೋಳು, ಯಾವ ರೆಕಾರ್ಡಿಂಗ್ ಹಿಡಿಯಲಿ ಅಂತ ಕೇಳಿದ್ದೀರಿ. ನಿಮ್ಮ ತಪ್ಪೇನಿಲ್ಲ. ಶುರುವಿನಲ್ಲಿ ರಾಣಿ ಆಲ್ಚೆಸ್ತೆಯ ಗಂಡ, ರಾಜ ಅಡ್ಮೆತೊ ಸಾಯುತ್ತಿದ್ದಾನೆ ಅಂತ ಊರಿಗೆ ಊರೇ ಅಳುತ್ತದೆ, ಕೋರಸ್ ಮೇಲೆ ಕೋರಸ್.

ಮೊದಲು ನಿಮ್ಮ ಹತ್ತಿರ ಇರುವುದು ಇಟಾಲಿಯನ್ನೋ ಫ್ರೆಂಚೋ ನೋಡಿಕೊಳ್ಳಿ. ಹೆಸರು ಒಂದೇ, ಆದರೆ ಎರಡು ಬೇರೆ ಕೃತಿ ಅಂತಲೇ ಇಟ್ಟುಕೊಳ್ಳಿ. ಇಟಾಲಿಯನ್ 1767ರ ಡಿಸೆಂಬರ್ 26ಕ್ಕೆ ವಿಯೆನ್ನಾದಲ್ಲಿ ಆಡಿದ್ದು, ಪಠ್ಯ ಕವಿ ಕಾಲ್ಜಾಬಿಜಿಯದು. ಫ್ರೆಂಚ್ 1776ರಲ್ಲಿ ಪ್ಯಾರಿಸ್‌ಗಾಗಿ ಗ್ಲುಕ್ ತಾನೇ ತಿದ್ದಿ ಕಟ್ಟಿದ್ದು. ಈ ಕಥೆಯ ಮೂಲವಾದ ಪ್ರಾಚೀನ ಗ್ರೀಕ್ ಕವಿ ಯೂರಿಪಿಡೀಸ್‌ನ ನಾಟಕದಲ್ಲಿ ವೀರ ಹೆರಾಕ್ಲೀಸ್ ಸಾವಿನ ಜೊತೆ ಸೆಣಸಿ, ಗಂಡನಿಗಾಗಿ ಪ್ರಾಣ ಕೊಟ್ಟ ರಾಣಿಯನ್ನು ಬಿಡಿಸಿಕೊಂಡು ಬರುತ್ತಾನಲ್ಲ, ಇಟಾಲಿಯನ್ನಿನಲ್ಲಿ ಅವನು ಇಲ್ಲವೇ ಇಲ್ಲ, ದೇವರು ಅಪೊಲೊ ಬಂದು ಅವಳನ್ನು ವಾಪಸ್ ಕೊಡುತ್ತಾನೆ. ಫ್ರೆಂಚಿನಲ್ಲಿ ಹೆರಾಕ್ಲೀಸ್ ಇದ್ದಾನೆ.

ಈಗ ಪಠ್ಯ ಕೈಯಲ್ಲಿ ಹಿಡಿದು ನೇರವಾಗಿ ಮೊದಲ ಅಂಕದ ದೇವಸ್ಥಾನದ ದೃಶ್ಯಕ್ಕೆ ಹೋಗಿ. ಬೇರೆ ಯಾರಾದರೂ ಪ್ರಾಣ ಕೊಟ್ಟರೆ ಮಾತ್ರ ರಾಜ ಉಳಿಯುತ್ತಾನೆ ಅಂತ ಅಪೊಲೊನ ವಾಣಿ ಹೇಳುತ್ತದೆ. ಆ ದನಿ ಒಂದೇ ಸ್ವರದಲ್ಲಿ ನಿಂತಿರುತ್ತದೆ, ಕೆಳಗೆ ಟ್ರಾಂಬೋನ್‌ಗಳ (ಹಿತ್ತಾಳೆಯ ಊದುವ ವಾದ್ಯ) ಜೊತೆ ಹಾರ್ಮನಿ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಜೋಡಣೆ, ಬದಲಾಗುತ್ತಾ ಹೋಗುತ್ತದೆ. ಶ್ರುತಿ ನಿಂತು ಸ್ವರ ಓಡಾಡುವುದು ನಮ್ಮ ಕಿವಿಗೆ ರೂಢಿ ಅಲ್ವಾ, ಇಲ್ಲಿ ಹಾಡುವ ಸ್ವರವೇ ನಿಂತಿದೆ, ಕಾಲ ಕೆಳಗಿನ ನೆಲ ಸರಿಯುತ್ತಿದೆ. ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಮೊಜಾರ್ಟ್‌ನ 'ಡಾನ್ ಜಿಯೊವಾನ್ನಿ'ಯಲ್ಲಿ ಕಲ್ಲಿನ ಪ್ರತಿಮೆ ಮಾತಾಡುವುದನ್ನು ಕೇಳಿದ್ದರೆ ನೆಂಟಸ್ತಿಕೆ ತಕ್ಷಣ ತಿಳಿಯುತ್ತದೆ.

ವಾಣಿ ಕೇಳಿದ್ದೇ ಜನರೆಲ್ಲ ಓಡಿಹೋಗುತ್ತಾರೆ. ಅಷ್ಟು ಹೊತ್ತು ಅತ್ತವರೇ! ಆಲ್ಚೆಸ್ತೆ ಅಲ್ಲೇ ಉಳಿಯುತ್ತಾಳೆ, ಗಂಡನಿಗಾಗಿ ತಾನೇ ಸಾಯಲು ನಿರ್ಧರಿಸುತ್ತಾಳೆ. ಆಗ ಬರುವುದು ಅವಳ ಹಾಡು 'ಓಂಬ್ರೆ, ಲಾರ್ವೆ'. ಸಾವಿನ ಜೊತೆಗಾರರೇ, ನಿಮ್ಮ ಕರುಣೆ ಕೇಳುವುದಿಲ್ಲ, ನನಗದು ಬೇಡವೂ ಬೇಡ ಅನ್ನುತ್ತಾಳೆ. ಇಷ್ಟು ಕೇಳಿ ಹಿಂದಕ್ಕೆ ಹೋಗಿ, ಆ ಮೊದಲಿನ ಗೋಳು ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತದೆ.

ಗಾಯಕರ ಕಸರತ್ತು ಕಾಯಬೇಡಿ, ಅದನ್ನು ಗ್ಲುಕ್ ಬೇಕಂತಲೇ ತೆಗೆದಿದ್ದಾನೆ. 1769ರಲ್ಲಿ ಅಚ್ಚಾದ ಮುನ್ನುಡಿಯಲ್ಲಿ ಹೇಳಿಯೂ ಇದ್ದಾನೆ: ಮಾತಿನ ಬಿಸಿಯಲ್ಲಿರುವ ಪಾತ್ರವನ್ನು ವಾದ್ಯಗಳಿಗಾಗಿ ನಿಲ್ಲಿಸಬಾರದು, ಗಂಟಲಿನ ಚಳಕ ತೋರಿಸಲು ಪದದ ಮಧ್ಯೆ ಸುಮ್ನೆ ಎಳೆದಾಡಬಾರದು, ಶುರುವಿನ ವಾದ್ಯಸಂಗೀತವಾದ ಓವರ್ಚರ್, ಕೇಳುವವರನ್ನು ಮುಂದೆ ಬರುವ ಕಥೆಗೆ ತಯಾರು ಮಾಡಬೇಕು. ಇಲ್ಲಿನ ಓವರ್ಚರ್ ಡಿ ಮೈನರ್ ಎಂಬ ಸ್ವರಶ್ರೇಣಿಯಲ್ಲಿದೆ, ಪ್ರತ್ಯೇಕವಾಗಿ ಮುಗಿಯದೆ ನೇರ ನಾಟಕದೊಳಗೆ ಇಳಿಯುತ್ತದೆ.

ರೆಕಾರ್ಡಿಂಗ್ ವಿಷಯಕ್ಕೆ ಬಂದರೆ, ಇಟಾಲಿಯನ್‌ಗೆ ನಾಕ್ಸೋಸ್ ಕಂಪನಿಯಲ್ಲಿರುವ, ಅರ್ನಾಲ್ಡ್ ಓಸ್ಟ್‌ಮನ್ ನಿರ್ದೇಶನದ್ದು ಹಿಡಿಯಿರಿ, ಆಲ್ಚೆಸ್ತೆಯಾಗಿ ಹಾಡಿದವರು ತೆರೆಸಾ ರಿಂಗ್‌ಹೋಲ್ಜ್. ಆರ್ಕೆಸ್ಟ್ರಾ ಚಿಕ್ಕದು, ಹಗುರವಾಗಿ ಓಡುತ್ತದೆ. ಗಾಯಕಿ ಫ್ಲಾಗ್‌ಸ್ಟಾಡ್ 1956ರಲ್ಲಿ ಹಾಡಿದ್ದೂ ಇದೆ, ದನಿ ಅದ್ಭುತ, ಆದರೆ ನಡೆ ನಿಧಾನ, ಮೊದಲ ಸಲಕ್ಕೆ ಬೇಡ. ಫ್ರೆಂಚ್ ಬೇಕಿದ್ದರೆ ಗಾರ್ಡಿನರ್ ನಿರ್ದೇಶನದ್ದು, ಆನ್ ಸೋಫಿ ವಾನ್ ಓಟರ್ ಹಾಡಿದ್ದಾರೆ. ಒಂದೇ ಸಂಜೆ ಪೂರ್ತಿ ಮುಗಿಸುವ ಹಟ ಬೇಡ. ದಿನಕ್ಕೊಂದು ಅಂಕ ಸಾಕು, ಮೂರು ದಿನಕ್ಕೆ ಮುಗಿಯುತ್ತದೆ. ನಿಮ್ಮ ಹತ್ತಿರ ಇರುವುದು ಯಾವುದು ಅಂತ ಹೇಳಿ, ದೇವಸ್ಥಾನದ ದೃಶ್ಯ ಎಷ್ಟನೇ ಟ್ರ್ಯಾಕ್ ಅಂತ ಹುಡುಕಿ ಕೊಡುತ್ತೇನೆ.