‘ಸ್ಟಾರ್ ವಾರ್ಸ್’ ಸಿನಿಮಾದ ಲೈಟ್‌ಸೇಬರ್ (ಬೆಳಕಿನ ಕತ್ತಿ) ಹಿಡಿಯನ್ನು ಅಲ್ಯೂಮಿನಿಯಂ ಎರಕದಲ್ಲೇ ಮಾಡಬೇಕಾ?

ಹಳೆ ಅಲ್ಯೂಮಿನಿಯಂ ಕರಗಿಸಿ ದಪ್ಪ ಕಂಬಿಯ ಹಾಗೆ ಎರಕ ಹೊಯ್ದು, ಆಮೇಲೆ ಲೇತ್‌ನಲ್ಲಿ (ತಿರುಗಿಸುತ್ತಾ ಕೆತ್ತುವ ಯಂತ್ರದಲ್ಲಿ) ಹಿಡಿ ಮಾಡಿಕೊಳ್ಳಲು ಕುಲುಮೆ ಎಷ್ಟು ಬಿಸಿ ಇರಬೇಕು ಅಂತ ಕೇಳಿದ್ದೀರಿ. ಇದೇ ದಾರಿಯಲ್ಲಿ ನಾನೂ ಹೋಗಿದ್ದೆ. ಮೂರು ಹಿಡಿ ಹಾಳಾದವು.

ಮೊದಲನೆಯದು ಮರಳಿನ ಅಚ್ಚಿನಿಂದ ಹೊರಬಂದಾಗ ತುಂಬಾ ಚೆನ್ನಾಗಿತ್ತು. ಎಲ್ಲೂ ಒಂದು ಬಿರುಕಿಲ್ಲ. ಲೇತ್‌ಗೆ ಕಟ್ಟಿ ಒಂದು ಮಿಲಿಮೀಟರ್ ತೆಗೆದೆ, ಸೂಜಿಯಿಂದ ಚುಚ್ಚಿದಂಥ ಚುಕ್ಕೆಗಳು ಕಂಡವು. ಮೇಲ್ಮೈಯ ಕೊಳೆ ಇರಬೇಕು ಅಂದುಕೊಂಡು ಇನ್ನೊಂದು ಮಿಲಿಮೀಟರ್ ತೆಗೆದೆ. ಚುಕ್ಕೆ ಜಾಸ್ತಿಯಾದವು. ಆದರೂ ಬಿಡಲಿಲ್ಲ. ಹಿಡಿತದ ಗೀರುಗಳನ್ನೆಲ್ಲ ಕೊರೆದೆ, ಒಳಗೆ ಬೋರಿಂಗ್ ಮಾಡಿದೆ, ಅಂದರೆ ತೂತು ಕೊರೆದೆ. ಕೊನೆಗೆ ಹಿಂದಿನ ಮುಚ್ಚಳಕ್ಕೆ ಥ್ರೆಡ್ ಹಾಕುವಾಗ ಥ್ರೆಡ್ಡೇ ಪುಡಿಯಾಗಿ ಉದುರಿತು. ಎರಡು ವಾರದ ಸಂಜೆಗಳೆಲ್ಲ ಅದರ ಜೊತೆ ಹೋದವು.

ಮುಖ್ಯ ತಪ್ಪು, ಲೋಹವನ್ನು ಅತಿಯಾಗಿ ಕಾಯಿಸಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 700ರಿಂದ 750ರೊಳಗೆ ಹೊಯ್ದರೆ ಸಾಕು. ನಾನು 850 ದಾಟಿಸಿ, ಅರ್ಧ ಗಂಟೆ ಹಾಗೇ ಇಟ್ಟಿದ್ದೆ. ನೀರು ಕಾಯಿಸಿದರೆ ಅದರೊಳಗಿನ ಗಾಳಿ ಗುಳ್ಳೆಯಾಗಿ ಹೊರಟುಹೋಗುತ್ತದಲ್ವಾ, ಲೋಹವೂ ಹಾಗೇ ಅಂತ ನನ್ನ ಲೆಕ್ಕ. ಅದು ಪೂರ್ತಿ ಉಲ್ಟಾ. ಕರಗಿದ ಅಲ್ಯೂಮಿನಿಯಂ ಬಿಸಿಯಾದಷ್ಟೂ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಅದು ಬರುವುದು ತೇವದಿಂದ. ಗಾಳಿಯಲ್ಲಿ ತೇವವಿದೆ, ಗ್ಯಾಸ್ ಉರಿಯಿಂದ ಹೊರಡುವ ಹೊಗೆಯಲ್ಲೂ ನೀರಾವಿ ಇದೆ. ಲೋಹ ಆ ಆವಿಯ ಆಕ್ಸಿಜನ್ ಕಸಿದುಕೊಳ್ಳುತ್ತದೆ, ಉಳಿದ ಹೈಡ್ರೋಜನ್ ಒಳಗೆ ಕರಗುತ್ತದೆ. ಸ್ಕ್ರಾಪ್‌ಗೆ ಅಂಟಿದ ಎಣ್ಣೆ, ಬಣ್ಣ ಉರಿದಾಗಲೂ ಅಷ್ಟೇ. ನಾನಂತೂ ಸ್ಕ್ರಾಪ್ ತೊಳೆದು, ಸರಿಯಾಗಿ ಒಣಗಿಸದೆ ಮೂಸೆಗೆ ಹಾಕಿದ್ದೆ.

ಈಗ ಲೋಹ ಗಟ್ಟಿಯಾಗುವ ಹೊತ್ತು ನೋಡಿ. ದ್ರವದಲ್ಲಿ ಹಿಡಿಯುವ ಹೈಡ್ರೋಜನ್‌ನಲ್ಲಿ ಹೆಚ್ಚುಕಡಿಮೆ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಗಟ್ಟಿ ಲೋಹದಲ್ಲಿ ಹಿಡಿಯುತ್ತದೆ. ಮಿಕ್ಕಿದ್ದು ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ. ಹೊರಮೈ ಮೊದಲು, ಬೇಗ ಗಟ್ಟಿಯಾಗುವುದರಿಂದ ನೋಡಲು ನುಣುಪಾಗಿರುತ್ತದೆ. ಒಳಗೆಲ್ಲ ಸ್ಪಂಜು. ಇದು ತಿಳಿಯದೆ ಎರಡನೆಯ ಸಲ ಇನ್ನೂ ಕಾಯಿಸಿದೆ, ಗಾಳಿ ಹೋಗಲಿ ಅಂತ ಚೆನ್ನಾಗಿ ಕಲಕಿದೆ. ಕಲಕಿದಾಗ ಮೇಲಿನ ಆಕ್ಸೈಡ್ ಪೊರೆ ಹರಿದು ಹೊಸ ಲೋಹ ಗಾಳಿಗೆ ಒಡ್ಡಿಕೊಳ್ಳುತ್ತದೆ, ಇನ್ನಷ್ಟು ಹೀರುತ್ತದೆ. ಮೂರನೆಯದಕ್ಕೂ ಅದನ್ನೇ ಮಾಡಿದೆ. ಹೊಯ್ಯುವ ಮುಂಚೆ ಒಣಗಿದ, ಬಿಸಿ ಮಾಡಿದ ಒಂದು ಚಿಕ್ಕ ಬಟ್ಟಲಿಗೆ ಸ್ವಲ್ಪ ಸುರಿದು ನೋಡಿದ್ದರೆ ಸಾಕಿತ್ತು. ಆರುವಾಗ ನಡುಭಾಗ ಕುಸಿದರೆ ಲೋಹ ಚೆನ್ನಾಗಿದೆ, ಉಬ್ಬಿಕೊಂಡರೆ ಒಳಗೆ ಗ್ಯಾಸ್ ಇದೆ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಕುಲುಮೆಯ ಯೋಚನೆ ಬಿಡಿ. ಹಿಡಿ ಒಂದು ದುಂಡನೆಯ ವಸ್ತು. ದುಂಡಗಿನದನ್ನು ಎರಕ ಹೊಯ್ದು ಮತ್ತೆ ಲೇತ್‌ನಲ್ಲಿ ದುಂಡಗೆ ಮಾಡುವುದು ಯಾಕೆ? 6061-ಟಿ6 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ರೆಡಿಮೇಡ್ ರಾಡ್ ತಗೊಳ್ಳಿ. ಎರಕ ಹೊಯ್ದರೇನೇ ಅಸಲಿಯಂತೆ ಅನ್ನುವುದೂ ಸರಿಯಲ್ಲ. 1977ರ ‘ಸ್ಟಾರ್ ವಾರ್ಸ್’ನಲ್ಲಿ ನಾಯಕನ ಕೈಯಲ್ಲಿದ್ದದ್ದು ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಹಿತ್ತಾಳೆ ಕೊಳವೆ, ಅಲ್ಯೂಮಿನಿಯಂ ಕೂಡ ಅಲ್ಲ.

ರಾಡ್‌ನಲ್ಲೂ ಒಂದು ಕಡೆ ಎಚ್ಚರ ಬೇಕು. ಮೊದಲು ಒಳಗಿನ ಬೋರಿಂಗ್ ಮುಗಿಸಿ, ಗೋಡೆ ಇನ್ನೂ ದಪ್ಪ ಇರುವಾಗಲೇ. ತೆಳುವಾದ ಕೊಳವೆಯನ್ನು ಮೂರು ದವಡೆಯ ಚಕ್‌ನಲ್ಲಿ (ಲೇತ್‌ನಲ್ಲಿ ವಸ್ತುವನ್ನು ಕಚ್ಚಿ ಹಿಡಿಯುವ ಭಾಗ) ಬಿಗಿದು ಬೋರಿಂಗ್ ಮಾಡಿದರೆ, ಬಿಚ್ಚಿದ ತಕ್ಷಣ ತೂತು ಮುಮ್ಮೂಲೆಯಾಗುತ್ತದೆ. ಟೂಲ್ ಹರಿತವಾಗಿರಲಿ, ಸೀಮೆಎಣ್ಣೆ ಹಾಕುತ್ತಿರಿ, ಇಲ್ಲದಿದ್ದರೆ ಲೋಹ ಟೂಲ್‌ನ ಮೊನೆಗೆ ಅಂಟಿ ಮೈ ಗೀರಾಗುತ್ತದೆ. ಥ್ರೆಡ್‌ಗೆ ಗ್ರೀಸ್ ಹಚ್ಚದೆ ಮುಚ್ಚಳ ತಿರುಗಿಸಬೇಡಿ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ.

ಎರಕ ಬೇಕೇ ಬೇಕು ಅಂದರೆ ದುಂಡಗಿಲ್ಲದ ಭಾಗಕ್ಕೆ ಇಟ್ಟುಕೊಳ್ಳಿ, ಪಕ್ಕದ ಪೆಟ್ಟಿಗೆಯೋ ಕೈ ಕಾಯುವ ಬಾಗಿದ ಕಾಪೋ. ಆಗಲೂ ರಾಡ್‌ನ ಚೂರು ಕರಗಿಸಬೇಡಿ, 6061 ಆರುವಾಗ ಸುಲಭವಾಗಿ ಬಿರಿಯುತ್ತದೆ. ಸುಮಾರು 7% ಸಿಲಿಕಾನ್ ಇರುವ ಎ356 ಅನ್ನುವ ಮಿಶ್ರಲೋಹ ಎರಕಕ್ಕೇ ಮಾಡಿದ್ದು. ಆದರೆ ಸಿಲಿಕಾನ್ ಇರುವುದರಿಂದ ಆನೊಡೈಸ್ ಮಾಡಿದರೆ (ವಿದ್ಯುತ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸಿದರೆ) ಬೂದಿ ಬಣ್ಣಕ್ಕೆ ತಿರುಗುತ್ತದೆ, ರಾಡ್‌ನ ಭಾಗದ ಜೊತೆ ಹೊಂದುವುದಿಲ್ಲ. ಪಾಲಿಶ್ ಮಾಡಿ ಬಿಡಿ. ಮೂಸೆ, ಇಕ್ಕಳ, ಸ್ಕ್ರಾಪ್ ಎಲ್ಲ ಪೂರ್ತಿ ಒಣಗಿರಲಿ, ಕೆಳಗೆ ಕಾಂಕ್ರೀಟ್ ಬದಲು ಒಣ ಮರಳು ಇರಲಿ. ಕಾಂಕ್ರೀಟ್‌ನೊಳಗಿನ ತೇವ ಆವಿಯಾದರೆ ಲೋಹ ಮುಖಕ್ಕೇ ಸಿಡಿಯುತ್ತದೆ.

ನಿಮ್ಮ ಹಿಡಿಯಲ್ಲಿ ದುಂಡಗಿಲ್ಲದ ಭಾಗ ಯಾವುದು, ಅದರ ದಪ್ಪ ಎಷ್ಟು ಅಂತ ತಿಳಿಸಿ. ರೈಸರ್ (ಲೋಹ ಆರಿ ಕುಗ್ಗುವಾಗ ಹೆಚ್ಚುವರಿ ಲೋಹ ಒದಗಿಸುವ ಅಚ್ಚಿನ ಕುಳಿ) ಎಲ್ಲಿಡಬೇಕು ಅಂತ ಹೇಳುತ್ತೇನೆ.