ರೆಕ್ಕೆ-ಚಕ್ರ: ಶತ್ರುವಿಲ್ಲದ ಕಡಲಲ್ಲಿ ಬಿದ್ದ ವಿಮಾನಗಳು

(ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಒಡಲನ್ನು ರಿಪೇರಿ ಮಾಡುವವರು) ಆಗಿ ದುಡಿದು ಈಗ ತುಮಕೂರಿನಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಿಲೋತ್ ಎಂಬ ಕಡಲತಡಿಯ ವಿಮಾನ ನೆಲೆಯ ಹತ್ತಿರ ಹಡ್ಸನ್ ವಿಮಾನಗಳು ಮೇಲಿಂದ ಮೇಲೆ ನೀರಿಗೆ ಬಿದ್ದು, ಅಲ್ಲಿನ ಸಾಲ್ವೆ ಕೊಲ್ಲಿಗೇ ‘ಹಡ್ಸನ್ ಬೇ’ ಎಂಬ ಅಡ್ಡಹೆಸರು ಬಂತೆಂದು ಓದಿದೆ. ಶತ್ರುವಿನ ಗುಂಡು ತಾಗದೆ ಅಷ್ಟು ವಿಮಾನ ಬೀಳುವುದು ಹೇಗೆ? ಆ ಹುಡುಗರಿಗೆ ಹಾರಿಸಲು ಬರುತ್ತಿರಲಿಲ್ಲವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ

ಉತ್ತರ: ಬರುತ್ತಿತ್ತಮ್ಮ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸತ್ತವರ ತಲೆಗೆ ಈ ಮಾತು ಬಲು ಸುಲಭವಾಗಿ ಅಂಟಿಕೊಳ್ಳುತ್ತದೆ. ಸಿಲೋತ್‌ಗೆ ಬರುವ ಹೊತ್ತಿಗೆ ಆ ಪೈಲಟ್‌ಗಳ ಎದೆಯ ಮೇಲೆ ರೆಕ್ಕೆಯ ಬಿಲ್ಲೆ ಆಗಲೇ ಇರುತ್ತಿತ್ತು. ಬ್ರಿಟನ್ನಿನವರು, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಬಂದವರು, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. 1940ರಿಂದ ಅಲ್ಲಿದ್ದದ್ದು ಬ್ರಿಟಿಷ್ ವಾಯುಪಡೆಯ ಕಡಲು ಕಾಯುವ ವಿಭಾಗವಾದ ಕೋಸ್ಟಲ್ ಕಮಾಂಡಿನ ಒಂದನೇ ಆಪರೇಷನಲ್ ಟ್ರೈನಿಂಗ್ ಯೂನಿಟ್. ಹಾರಲು ಕಲಿತು ಬಂದವರ ಕೈಗೆ ಯುದ್ಧದ ವಿಮಾನ ಕೊಟ್ಟು, ಪೈಲಟ್, ನ್ಯಾವಿಗೇಟರ್, ವೈರ್‌ಲೆಸ್ಸಿನವನು, ಗನ್ನರ್ ಎಲ್ಲರನ್ನೂ ಒಂದು ತಂಡವಾಗಿ ಪಳಗಿಸುವ ಜಾಗ ಅದು.

ಅವರು ಏರಬೇಕಾಗಿದ್ದ ಮೆಟ್ಟಿಲು ಎಷ್ಟು ಎತ್ತರದ್ದು ನೋಡಿ. ಮೊದಲ ಪಾಠ ಕಲಿಯುತ್ತಿದ್ದ ಟೈಗರ್ ಮಾತ್ ವಿಮಾನದ ತೂಕ ಟನ್ನಿಗಿಂತ ಕಡಿಮೆ, ಎಂಜಿನ್ 130 ಅಶ್ವಶಕ್ತಿಯದು. ತುಂಬಿದ ಹಡ್ಸನ್ ಸುಮಾರು ಎಂಟು ಟನ್. ಎರಡು ಎಂಜಿನ್, ಒಂದೊಂದೂ 1,100 ಅಶ್ವಶಕ್ತಿ. ನಡುವೆ ಬೇರೆ ತರಬೇತಿ ವಿಮಾನಗಳು ಸಿಗುತ್ತಿದ್ದವು, ಆದರೂ ಇದು ಬೇರೆಯೇ ಪ್ರಾಣಿ. ಲಾಕ್‌ಹೀಡ್ ಕಂಪನಿ ತನ್ನ ಪ್ರಯಾಣಿಕರ ವಿಮಾನವನ್ನೇ ಮಾರ್ಪಡಿಸಿ ಹಡ್ಸನ್ ಮಾಡಿತ್ತು. 1938ರ ಡಿಸೆಂಬರಿನಲ್ಲಿ ಅದು ಮೊದಲು ಹಾರಿದ್ದು. ಮರುವರ್ಷವೇ ಸೇನೆಯ ಕೈಯಲ್ಲಿ.

ಅದರ ದೊಡ್ಡ ಚಕ್ರಗಳು ಮುಂದೆ, ಪುಟ್ಟ ಚಕ್ರ ಬಾಲದಲ್ಲಿ. ಹಾಗಾಗಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದೆ ಬೀಳುತ್ತದೆ. ಭಾರ ಹೇರಿದ ತಳ್ಳುಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟರೆ ಹಿಂದಿನ ಭಾರ ಮುಂದಕ್ಕೆ ಬರಲು ನೋಡುತ್ತದಲ್ಲ, ಹಾಗೇ ಇಲ್ಲೂ. ನೆಲಕ್ಕೆ ತಾಗಿದ ಮೇಲೆ ಮೂಗು ಒಂದಿಷ್ಟು ಅತ್ತಿತ್ತ ಹೊರಳಿತೋ, ಬಾಲ ಸುತ್ತಿಕೊಂಡು ಬರುತ್ತದೆ. ಚಕ್ರದ ಕಾಲು ಮುರಿಯುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವುದು ರೆಕ್ಕೆಯೊಳಗೆ, ಆ ಕಾಲಿನ ಹತ್ತಿರದಲ್ಲೇ. ಟ್ಯಾಂಕ್ ಸೀಳಿದರೆ ಬೆಂಕಿ. ಲ್ಯಾಂಡಿಂಗ್ ಗೇರಿನ ಕೆಲಸವನ್ನೇ ಬಹಳ ಕಾಲ ಮಾಡಿದವನಾದ್ದರಿಂದ ಈ ಜೋಡಣೆ ನೆನೆದರೆ ಈಗಲೂ ಸಂಕಟವಾಗುತ್ತದೆ. ಇಳಿಯುವಾಗ ವೇಗ ಕೊಂಚ ಜಾಸ್ತಿಯೇ ತಗ್ಗಿದರೆ ಇನ್ನೊಂದು ಅಪಾಯ: ವಿಮಾನ ಗಾಳಿಯ ಹಿಡಿತ ಕಳೆದುಕೊಂಡು ಒಂದು ಪಕ್ಕಕ್ಕೆ ಮಗುಚಿ ಬೀಳುತ್ತಿತ್ತು. 1940ರ ಆಗಸ್ಟ್ 13ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಇಳಿಯಲು ಬರುತ್ತಿದ್ದ ಹಡ್ಸನ್ ಬಿದ್ದು, ಆ ದೇಶದ ಮೂವರು ಮಂತ್ರಿಗಳೂ ಸೇರಿ ಒಳಗಿದ್ದ ಹತ್ತೂ ಜನ ಸತ್ತರು.

ಇನ್ನು ಕಡಲು. ಕೋಸ್ಟಲ್ ಕಮಾಂಡಿನ ಕೆಲಸವೇ ಸಮುದ್ರದ ಮೇಲೆ ಜಲಾಂತರ್ಗಾಮಿ ಹುಡುಕುವುದು, ಹಡಗಿನ ಮೇಲೆ ದಾಳಿ ಮಾಡುವುದು. ಅಭ್ಯಾಸವೂ ಅಲ್ಲೇ ಆಗಬೇಕು. ಚಂದ್ರನಿಲ್ಲದ ರಾತ್ರಿ ನೀರಿನ ಮೇಲೆ ಹಾರುವಾಗ ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆಗ ಒಳಗಿವಿ ಸುಳ್ಳು ಹೇಳುತ್ತದೆ: ವಿಮಾನ ವಾಲಿ ಸುತ್ತುತ್ತಿದ್ದರೂ ನೆಟ್ಟಗಿದ್ದೇವೆ ಅನ್ನಿಸುತ್ತದೆ. ಮೈ ಹೇಳಿದ್ದನ್ನು ನಂಬದೆ ಎದುರಿನ ಮೀಟರುಗಳ ಮುಳ್ಳುಗಳನ್ನೇ ನಂಬಬೇಕು, ಅದು ರೂಢಿಯಾಗಲು ಬಹಳ ಗಂಟೆಗಳ ಹಾರಾಟ ಬೇಕು. ಆ ಗಂಟೆಗಳೇ ಇವರ ಬಳಿ ಇರಲಿಲ್ಲ.

ಮುಳ್ಳೂ ಒಮ್ಮೊಮ್ಮೆ ಮೋಸ ಮಾಡುತ್ತಿತ್ತು. ಆಗಿನ ಆಲ್ಟಿಮೀಟರ್ ಗಾಳಿಯ ಒತ್ತಡವನ್ನು ಅಳೆದು ಎತ್ತರ ತೋರಿಸುವಂಥದ್ದು. ಹೊರಟಾಗಿನ ಒತ್ತಡಕ್ಕೆ ಮುಳ್ಳನ್ನು ಹೊಂದಿಸಿಕೊಂಡು ಹೋಗಿ, ನಾಲ್ಕಾರು ಗಂಟೆ ಕಳೆದು ಹವಾಮಾನ ಕೆಟ್ಟಾಗ ವಾಪಸು ಬಂದರೆ, ಒತ್ತಡ 10 ಮಿಲಿಬಾರ್ ಇಳಿದಿದ್ದರೂ ಸಾಕು, ಮುಳ್ಳು ನಿಜಕ್ಕಿಂತ ಸುಮಾರು 280 ಅಡಿ ಹೆಚ್ಚು ತೋರಿಸುತ್ತದೆ. 300 ಅಡಿ ಮೇಲಿದ್ದೇನೆ ಎಂದುಕೊಂಡವನು ಅಲೆಯ ನೆತ್ತಿಯ ಮೇಲಿರುತ್ತಾನೆ.

ನೀವು ನಂದಿಬೆಟ್ಟದ ಬುಡದವರು, ಚಳಿಗಾಲದ ಮುಂಜಾನೆ ಮಂಜು ಹೇಗೆ ಬೆಟ್ಟವನ್ನೇ ನುಂಗುತ್ತದೆಂದು ನಿಮಗೆ ಗೊತ್ತು. ಸಿಲೋತ್‌ನ ದಕ್ಷಿಣಕ್ಕೆ ಸ್ಕಿಡ್ಡಾ ಎಂಬ ಬೆಟ್ಟವಿದೆ, 931 ಮೀಟರ್. ನಮ್ಮ ನಂದಿ 1,478. ಅಷ್ಟು ಸಣ್ಣ ಬೆಟ್ಟವೇ ಸಾಕಾಗಿತ್ತು. ಕೆಳಗೆ ಕಡಲಿದೆ ಎಂದು ನಂಬಿ, ಮೋಡದೊಳಗಿಂದ ಇಳಿಯುವವನ ಲೆಕ್ಕ ಕೆಲವೇ ಮೈಲಿ ತಪ್ಪಿದರೂ ಅಲ್ಲಿರುವುದು ಬಂಡೆ. ಆ ಸೀಮೆಯ ಬೆಟ್ಟಗಳಲ್ಲೂ ಕೊಲ್ಲಿಯ ಆಚೆ ಸ್ಕಾಟ್ಲೆಂಡಿನ ಬೆಟ್ಟಗಳಲ್ಲೂ ಹೀಗೆ ಬಡಿದ ತರಬೇತಿ ವಿಮಾನಗಳ ಚೂರುಗಳು ಇವತ್ತಿಗೂ ಸಿಗುತ್ತವೆ.

ಸಾಲ್ವೆಗೆ ಬಿದ್ದು ಬದುಕಿದರೂ ನೀರು ಕೊರೆಯುವ ತಣ್ಣಗೆ, ಉಬ್ಬರದ ಸೆಳೆತ ಜೋರು. ದೇಹ ಸಿಕ್ಕವರಲ್ಲಿ ಕೆಲವರ ಸಮಾಧಿ ಸಿಲೋತ್‌ನ ಕಾಸ್‌ವೇಹೆಡ್ ಸ್ಮಶಾನದಲ್ಲಿದೆ. ಗುರುತಿನ ಸಮಾಧಿಯೇ ಇಲ್ಲದ ವಾಯುಪಡೆಯವರಿಗಾಗಿ ಲಂಡನ್ ಹತ್ತಿರದ ರನ್ನಿಮೀಡ್‌ನಲ್ಲಿ 1953ರಲ್ಲಿ ಸ್ಮಾರಕ ಕಟ್ಟಿದರು. 20,000ಕ್ಕೂ ಹೆಚ್ಚು ಹೆಸರುಗಳಿವೆ. ತರಬೇತಿಯಲ್ಲಿ ಹೋದವನು, ದಾಳಿಗೆ ಹೋಗಿ ಮರಳದವನು ಎಂಬ ಭೇದ ಆ ಕಲ್ಲಿನ ಮೇಲೆ ಇಲ್ಲ. ಅದು ಸರಿಯಾದ ಕೆಲಸ. ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಲ್ಲೇ ಸತ್ತ 55,573 ಮಂದಿಯಲ್ಲಿ 8,000ಕ್ಕೂ ಹೆಚ್ಚು ಜನ ಹೋದದ್ದು ತರಬೇತಿ ಮತ್ತಿತರ ಯುದ್ಧೇತರ ಹಾರಾಟಗಳಲ್ಲಿ. ‘ಯುದ್ಧಕ್ಕೇ ಹೋಗಲಿಲ್ಲ, ಅಭ್ಯಾಸದಲ್ಲೇ ಸತ್ತ’ ಎಂದು ಅವರನ್ನು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದೇ ಇಲ್ಲ.

ಪ್ರಶ್ನೆ: ಅಮೆರಿಕದ ಟ್ಯಾಂಪಾ ಕೊಲ್ಲಿಯಲ್ಲಿ ‘ದಿನಕ್ಕೊಂದು ಬೀಳುತ್ತದೆ’ ಎಂಬ ಮಾತು ಹುಟ್ಟಿತ್ತಂತೆ. ಅಲ್ಲಿ ತಪ್ಪು ಪೈಲಟ್‌ನದೋ ವಿಮಾನದ್ದೋ?
– ನಿವೃತ್ತ ಮೇಷ್ಟ್ರು, ಮಧುಗಿರಿ

ಉತ್ತರ: ಮೇಷ್ಟ್ರೇ, ಮೂರನೆಯವರೊಬ್ಬರನ್ನು ನೀವು ಬಿಟ್ಟಿದ್ದೀರಿ. ನೆಲದ ಮೇಲೆ ಸ್ಪ್ಯಾನರ್ ಹಿಡಿದವರು. ಅವರ ಕಡೆಯಿಂದಲೇ ಹೇಳುತ್ತೇನೆ.

ಟ್ಯಾಂಪಾ ಕೊಲ್ಲಿಯ ದಡದಲ್ಲಿರುವ ಫ್ಲಾರಿಡಾದ ಮ್ಯಾಕ್‌ಡಿಲ್ ನೆಲೆಯಲ್ಲಿ ಬೀಳುತ್ತಿದ್ದದ್ದು ಮಾರ್ಟಿನ್ ಕಂಪನಿಯ ಬಿ-26 ಮರೋಡರ್ ಬಾಂಬರ್ ವಿಮಾನ. ದಿನಕ್ಕೊಂದು ಎಂಬುದು ಉತ್ಪ್ರೇಕ್ಷೆ, ಆದರೆ ಮಾತು ಹುಟ್ಟುವಷ್ಟು ಬಿದ್ದದ್ದು ಸತ್ಯ. ಪ್ರಯೋಗಕ್ಕೆಂದು ಒಂದು ಮಾದರಿಯನ್ನೂ ಕಟ್ಟಿ ನೋಡದೆ, ನಕ್ಷೆಯ ಮೇಲೇ ಸರ್ಕಾರ ಆರ್ಡರ್ ಕೊಟ್ಟಿತ್ತು. 1940ರ ನವೆಂಬರ್ 25ರಂದು ಮೊದಲ ವಿಮಾನ ಹಾರಿತು. ವೇಗ ಬೇಕೆಂದು ರೆಕ್ಕೆಯನ್ನು ಗಿಡ್ಡ ಮಾಡಿದ್ದರು, 65 ಅಡಿ. ಗಿಡ್ಡ ರೆಕ್ಕೆಯ ಭಾರದ ವಿಮಾನ ಗಾಳಿಯಲ್ಲಿ ನಿಲ್ಲಬೇಕಾದರೆ ಓಡುತ್ತಲೇ ಇರಬೇಕು. ಇಳಿಯಲು ಬರುವಾಗಲೂ ಗಂಟೆಗೆ ಸುಮಾರು 150 ಮೈಲಿ. ನಿಧಾನದ ವಿಮಾನಗಳಲ್ಲಿ ಪಳಗಿದ ಹುಡುಗನ ಕೈ ತಾನಾಗಿ ವೇಗ ತಗ್ಗಿಸುತ್ತದೆ, ಅಲ್ಲಿಗೆ ಮುಗಿಯಿತು.

ಈಗ ಸ್ಪ್ಯಾನರಿನ ವಿಷಯ. ಇದರ ಪ್ರೊಪೆಲರ್ ಎಲೆಗಳು ಎಷ್ಟು ಕೋನಕ್ಕೆ ತಿರುಗಬೇಕೆಂದು ನಿರ್ಧರಿಸುತ್ತಿದ್ದದ್ದು ವಿದ್ಯುತ್ ಮೋಟಾರ್. ಅದಕ್ಕೆ ಬ್ಯಾಟರಿ ಗಟ್ಟಿಯಾಗಿರಬೇಕು. ನೆಲದ ಮೇಲೆ ಪರೀಕ್ಷೆ ಮಾಡುವಾಗ ಹೊರಗಿನ ಬ್ಯಾಟರಿ ಟ್ರಾಲಿ ತಗುಲಿಸಿ ಮಾಡಬೇಕು. ಟ್ರಾಲಿ ಸಾಲದ ಕಡೆ, ತಿಳಿವಳಿಕೆ ಸಾಲದ ಕಡೆ, ವಿಮಾನದ್ದೇ ಬ್ಯಾಟರಿಯಿಂದ ಎಲ್ಲ ಪರೀಕ್ಷೆ ಮುಗಿಸಿ ಕಳಿಸಿಬಿಡುತ್ತಿದ್ದರು. ಬ್ಯಾಟರಿ ಸೋತಿರುತ್ತಿತ್ತು. ಪೂರ್ತಿ ಭಾರ ಹೊತ್ತು ನೆಲ ಬಿಡುವ ಗಳಿಗೆಯಲ್ಲೇ ಮೋಟಾರಿಗೆ ಶಕ್ತಿ ಸಾಲದೆ, ಎಲೆಗಳು ಚಪ್ಪಟೆಗೆ ತಿರುಗಿ, ಆ ಕಡೆಯ ಎಂಜಿನ್ ಅಳತೆ ಮೀರಿ ಓಡುತ್ತಿತ್ತು, ಎಳೆತ ಇಲ್ಲವಾಗುತ್ತಿತ್ತು. ವಿಮಾನ ಒಂದು ಪಕ್ಕಕ್ಕೆ ಎಳೆದು ನೀರಿಗೆ. ಬೆಳಿಗ್ಗೆ ಯಾರೋ ಟ್ರಾಲಿ ತರಲು ಹೋಗದಿದ್ದದ್ದು ಅಷ್ಟು ಜನರ ಜೀವಕ್ಕೆ ಬಂತು. ಹಾಗೆಂದು ಆ ಮೆಕ್ಯಾನಿಕ್ಕನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಅವನೂ ಪೈಲಟ್ಟಿನಷ್ಟೇ ಹೊಸಬ, ಅವನಿಗೆ ಕಲಿಸುವವರಿಗೂ ಈ ವಿಮಾನ ಹೊಸದು. ನಮ್ಮಲ್ಲಿ ಪ್ರತಿ ಹಾರಾಟಕ್ಕೆ ಮುಂಚೆ ವಿಮಾನದ ತಪಾಸಣೆ-ದುರಸ್ತಿಯ ದಾಖಲೆ ಪುಸ್ತಕವಾದ ಫಾರ್ಮ್ 700ಕ್ಕೆ ಸಹಿ ಹಾಕುತ್ತೇವೆ. ಆ ಪುಸ್ತಕದಲ್ಲಿ ಹೆಸರು ಬರೆದವನಿಗೆ ಗೊತ್ತು, ವಿಮಾನ ವಾಪಸು ಬಂದು ನಿಲ್ಲುವವರೆಗೆ ಹೊಟ್ಟೆಯಲ್ಲಿ ಏನಾಗುತ್ತದೆಂದು.

ಆಮೇಲೆ ರೆಕ್ಕೆಯನ್ನು 71 ಅಡಿಗೆ ಉದ್ದ ಮಾಡಿದರು. ಆದರೆ ಬಂದೂಕು, ರಕ್ಷಾಕವಚ ಎಂದು ತೂಕವನ್ನೂ ಏರಿಸುತ್ತ ಹೋದರು, ರೆಕ್ಕೆಯ ಮೇಲಿನ ಹೊರೆ ಇಳಿಯಲೇ ಇಲ್ಲ. ಆದರೂ ಅಪಘಾತ ಇಳಿದವು. ಯಾಕೆ? ಟೋಕಿಯೋ ದಾಳಿಯಿಂದ ಹೆಸರಾದ ಜಿಮ್ಮಿ ಡೂಲಿಟಲ್ ಅಂಥವರೇ ಬಂದು, ಒಂದು ಎಂಜಿನ್ ನಿಲ್ಲಿಸಿ ಈ ವಿಮಾನ ಹಾರಿಸಿ ತೋರಿಸಿದರು. ಒಂದೇ ಎಂಜಿನ್ನಿನಲ್ಲಿ ಹಾರುವುದನ್ನು ಪಾಠದೊಳಗೆ ಸೇರಿಸಿದರು. ಮೆಕ್ಯಾನಿಕ್ಕುಗಳಿಗೆ ಸರಿಯಾಗಿ ಕಲಿಸಿದರು. ‘ವಿಧವೆ ಮಾಡುವ ಯಂತ್ರ’ ಎಂದು ಬೈಸಿಕೊಂಡ ಅದೇ ಮರೋಡರ್ ಯುರೋಪಿನ ಯುದ್ಧದಲ್ಲಿ ಅಮೆರಿಕದ ಒಂಬತ್ತನೇ ವಾಯುಪಡೆಯಲ್ಲಿ ನೂರು ಹಾರಾಟಕ್ಕೆ ಒಂದಕ್ಕಿಂತ ಕಡಿಮೆ ನಷ್ಟ ಕಂಡಿತು. ಅಷ್ಟರೊಳಗೆ ಎಷ್ಟೋ ಮನೆಗಳಿಗೆ ತಂತಿ ಹೋಗಿಬಿಟ್ಟಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ನೆಲದಲ್ಲೇ ವಿಮಾನ ಅಪಘಾತಗಳಲ್ಲಿ ಸತ್ತ ಅವರ ವಾಯುಸೇನೆಯವರು ಸುಮಾರು 15,000. ನನ್ನ ಉತ್ತರ ಇಷ್ಟೇ ಮೇಷ್ಟ್ರೇ, ತಪ್ಪು ಅವಸರದ್ದು.

ಪ್ರಶ್ನೆ: ಯುದ್ಧಕಾಲದಲ್ಲಿ ನಮ್ಮ ಕೋಲಾರದಲ್ಲೂ ಬಿಳಿಯರು ಮರದ ವಿಮಾನ ಇಳಿಸುತ್ತಿದ್ದರು ಎಂದು ತಾತ ಹೇಳುತ್ತಿದ್ದರು. ನಿಜವೇ?
– ಹಾಲಿನ ಡೇರಿ ಕಾರ್ಯದರ್ಶಿ, ಕೋಲಾರ

ಉತ್ತರ: ನಿಜ. ನಿಮ್ಮ ತಾತ ನೋಡಿದ್ದು ಮಸ್ಕಿಟೊ ಇರಬೇಕು. ಬಾಲ್ಸಾ, ಬರ್ಚ್ ಪ್ಲೈವುಡ್ ಅಂಟಿಸಿ ಕಟ್ಟಿದ ವಿಮಾನ. 1944ರಲ್ಲಿ ಯಲಹಂಕ, ಕೋಲಾರ ನೆಲೆಗಳಲ್ಲಿ ಬ್ರಿಟಿಷ್ ತಂಡಗಳು ಅದರ ಮೇಲೆ ಕೈ ಪಳಗಿಸಿಕೊಂಡವು. ಅದೇ ವರ್ಷದ ಕೊನೆಯಲ್ಲಿ ಭಾರತದಲ್ಲಿ ಹಾರುತ್ತಿದ್ದ ಕೆಲವು ಮಸ್ಕಿಟೊಗಳ ರೆಕ್ಕೆ ಆಕಾಶದಲ್ಲೇ ಕಳಚಿ, ನವೆಂಬರಿನಲ್ಲಿ ಹಾರಾಟ ನಿಲ್ಲಿಸಬೇಕಾಯಿತು. ಮೊದಲು ಎಲ್ಲರೂ ನಮ್ಮ ಬಿಸಿಲು ಮಳೆಯನ್ನು ದೂರಿದರು. ಬಿಚ್ಚಿ ನೋಡಿದಾಗ ಇಂಗ್ಲೆಂಡಿನ ಕಾರ್ಖಾನೆಯಲ್ಲೇ ಅಂಟಿನ ಜೋಡಣೆ ಸರಿಯಾಗಿ ಕೂತಿರದ ವಿಮಾನಗಳೂ ಸಿಕ್ಕವು.

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ, ವಾಯುಪಡೆಯ ಪೈಲಟ್ ಆಗುತ್ತೇನೆ ಅನ್ನುತ್ತಾನೆ. ತರಬೇತಿಯಲ್ಲಿ ಸಾಯುವ ಸುದ್ದಿ ಓದಿ ಭಯವಾಗುತ್ತದೆ. ಈಗಲೂ ಹಾಗೇನಾ ಅಣ್ಣ?
– ಗೃಹಿಣಿ, ಸಿರಾ

ಉತ್ತರ: ಇಲ್ಲಮ್ಮ, ಹಾಗಿಲ್ಲ. ಆದರೆ ನಮ್ಮ ದೇಶವೂ ಆ ಎತ್ತರದ ಮೆಟ್ಟಿಲನ್ನು ಬಹಳ ಕಾಲ ಹಾಗೇ ಬಿಟ್ಟಿತ್ತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಿಧಾನದ ಕಿರಣ್ ವಿಮಾನದಲ್ಲಿ ಕಲಿತ ಹುಡುಗರು ನೇರ ಮಿಗ್-21ಕ್ಕೆ ಹತ್ತುತ್ತಿದ್ದರು. ನಡುವೆ ಒಂದು ಸುಧಾರಿತ ಜೆಟ್ ತರಬೇತಿ ವಿಮಾನ ಬೇಕೇ ಬೇಕು ಎಂದು ಏರ್ ಮಾರ್ಷಲ್ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಅಂಥ ತರಬೇತಿ ವಿಮಾನವಾದ ಹಾಕ್ ನಮ್ಮ ಬೀದರ್ ನೆಲೆಗೆ ಬಂದದ್ದು 2008ರಲ್ಲಿ. ಆ ಇಪ್ಪತ್ತಾರು ವರ್ಷ ಕಾಯಬಾರದಿತ್ತು, ಇದನ್ನು ಎಲ್ಲಿ ಕೇಳಿದರೂ ಹೇಳುತ್ತೇನೆ. ಈಗ ನೆಲದ ಮೇಲಿನ ಸಿಮ್ಯುಲೇಟರಿನಲ್ಲೇ ಎಂಜಿನ್ ಕೆಡಿಸಿ, ಮಂಜು ಕವಿಸಿ ಅಭ್ಯಾಸ ಮಾಡಿಸುತ್ತಾರೆ. ಹಾಕ್‌ನಲ್ಲಿ ಶಿಕ್ಷಕರು ಹಿಂದಿನ ಸೀಟಿನಲ್ಲಿರುತ್ತಾರೆ. ಅಪಾಯ ಸೊನ್ನೆಯಾಗಿಲ್ಲ, ಮೆಟ್ಟಿಲುಗಳು ಮಾತ್ರ ಹತ್ತುವಷ್ಟು ಎತ್ತರಕ್ಕೆ ಬಂದಿವೆ.

ಮಗನಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಲೇಬೇಕು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಲಿಖಿತ ಪರೀಕ್ಷೆ ಪಾಸಾದರೆ ಆಯ್ಕೆ ಮಂಡಳಿಗೆ ಕರೆಯುತ್ತಾರೆ, ವಾಯುಪಡೆಯದೊಂದು ಮೈಸೂರಿನಲ್ಲೇ ಇದೆ. ಅಲ್ಲಿನ ಪೈಲಟ್ ಸಾಮರ್ಥ್ಯ ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾತ್ರ ಬರೆಯಬಹುದು, ಫೇಲಾದರೆ ಇನ್ನೊಂದು ಅವಕಾಶವಿಲ್ಲ. ಹಿಂದಿನ ರಾತ್ರಿ ಬಸ್ಸಿನಲ್ಲಿ ಕಳೆಯದಂತೆ ಒಂದು ದಿನ ಮುಂಚೆಯೇ ಕಳಿಸಿಕೊಡಿ.